ಭೂಮಿಯ ಕಂಬಳಿ – ಮಕ್ಕಳಿಗೆ ಹೇಗೆ ಹೇಳೋಣ?



ವರ್ತೂರಿನ ಸಂಘವೊಂದರ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ಹೇಳಿದರು: "ಸಿಸ್ಟರ್, ಹಸಿರುಮನೆ ಪರಿಣಾಮ ಅಂದ್ರೇನಮ್ಮಾ ಅಂತ ಮಗಳು ಕೇಳಿದ್ಲು. ನಂಗೇನು ಗೊತ್ತು, ಹೋಗಿ ಮಿಸ್‌ನ ಕೇಳು ಅಂದೆ. ಆಮೇಲಿಂದ ಅವಳು ನನ್ನ ಏನೂ ಕೇಳ್ತಿಲ್ಲ." ಈ ಮಾತು ನಮ್ಮ ಮನಸ್ಸಿನಲ್ಲೇ ಉಳಿಯಿತು. ಹೆಚ್ಚು ಓದದ ತಾಯಿಯೂ ಇದನ್ನು ಹೇಳಿಕೊಡಬಹುದು.

1. ಕಂಬಳಿಯಿಂದ ಶುರು ಮಾಡಿ. "ಕಂಬಳಿ ಹೊದ್ದರೆ ಬೆಚ್ಚಗಾಗುತ್ತೆ. ಅದರೊಳಗೆ ಒಲೆ ಇದೆಯಾ?" ಎಂದು ಕೇಳಿ. ಮಗು ನಗುತ್ತದೆ. ಶಾಖ ನಮ್ಮ ಮೈಯದೇ; ಕಂಬಳಿ ಅದನ್ನು ಬೇಗ ಹೊರಗೆ ಬಿಡುವುದಿಲ್ಲ. ಹಾಗೆಯೇ ಬಿಸಿಲಿಗೆ ನೆಲ ಕಾಯುತ್ತದೆ. ಆ ಶಾಖ ಮೇಲಕ್ಕೆ ಹೋಗುವಾಗ ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಅದನ್ನು ಹಿಡಿದು, ಒಂದಷ್ಟನ್ನು ಮತ್ತೆ ನೆಲದ ಕಡೆಗೇ ಕಳಿಸುತ್ತವೆ.

2. ಕಂಬಳಿ ಬೇಕೇ ಬೇಕು. ಅದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಈಗ ಸುಮಾರು 15 ಡಿಗ್ರಿ ಇದೆ. ತೊಂದರೆ ಬರುವುದು ಕಂಬಳಿ ದಪ್ಪವಾದಾಗ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟೂ ಸುಟ್ಟೂ ಇಂದು 420 ದಾಟಿದೆ.

3. ಮಾಡಿ ತೋರಿಸಿ. ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿ ಬಿಸಿಲಿಗಿಡಿ. ಒಂದರ ಮೇಲೆ ಗಾಜಿನ ಜಾಡಿ ಬೋರಲು ಹಾಕಿ. ಒಂದು ಗಂಟೆ ಬಿಟ್ಟು ಮಗುವೇ ಬೆರಳಿಟ್ಟು ನೋಡಲಿ. ಹೂ ಬೆಳೆಯುವ ಹಸಿರುಮನೆಯೊಳಗೆ ಸೆಕೆಯಾಗುವುದೂ ಹೀಗೇ. ಆದರೆ ಆಕಾಶದಲ್ಲಿ ಗಾಜಿನ ಮುಚ್ಚಳವಿಲ್ಲ, ಅಲ್ಲಿ ಶಾಖ ಹಿಡಿಯುವುದು ಗಾಳಿಯೇ ಎಂದೂ ಹೇಳಿ.

4. ನಮ್ಮ ಕೆರೆ ತೋರಿಸಿ. ಕೆರೆಗೆ ಸೇರಿದ ಕೊಳಚೆ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಗೋಬರ್ ಗ್ಯಾಸ್ ಉರಿಯುವುದೂ ಇದರಿಂದಲೇ. ಇದೂ ಕಂಬಳಿಗೆ ಸೇರುವ ಎಳೆ. ವರ್ತೂರು ಕೆರೆಯ ನೊರೆ ಮಾತ್ರ ಬೇರೆ ವಿಷಯ. ಅದಕ್ಕೆ ಮುಖ್ಯ ಕಾರಣ ಸೋಪಿನ ಪುಡಿ ಬೆರೆತ ಕೊಳಚೆ.

ಒಂದು ತಪ್ಪು ತಿದ್ದಿಕೊಳ್ಳೋಣ. "ಓಝೋನ್ ತೂತಿನಿಂದ ಬಿಸಿಲು ನುಗ್ಗಿ ಭೂಮಿ ಕಾಯುತ್ತಿದೆ" ಎಂದು ಹಿಂದೆ ನಾವೂ ಹೇಳಿದ್ದುಂಟು. ಅದು ಬೇರೆಯೇ ಸಮಸ್ಯೆ.

ಮಕ್ಕಳನ್ನು ಹೆದರಿಸಬೇಡಿ. ದಪ್ಪ ಮಾಡಿದವರು ಮನುಷ್ಯರೇ, ಇನ್ನೂ ದಪ್ಪವಾಗದಂತೆ ತಡೆಯಬಲ್ಲವರೂ ಮನುಷ್ಯರೇ ಎನ್ನಿ. ಗೊತ್ತಿಲ್ಲದ್ದು ಕೇಳಿದರೆ "ಬಾ, ಇಬ್ಬರೂ ತಿಳ್ಕೊಳ್ಳೋಣ" ಎಂದರೆ ಸಾಕು. ಮಗು ಮತ್ತೆ ಕೇಳುತ್ತದೆ.

ಸಭೆಯಲ್ಲಿ ಚರ್ಚಿಸಿ: ಈ ವಾರ ನಮ್ಮ ಮಕ್ಕಳು ಏನು ಕೇಳಿದರು? ನಾವು ಏನೆಂದು ಉತ್ತರಿಸಿದೆವು?