ದೇಹದೊಳಗೆ ಉಳಿಯುವ ತಾಮ್ರ: ವಿಲ್ಸನ್ ಕಾಯಿಲೆ ಮತ್ತು ಡಾ. ತಾಲಿಯವರ ಅಧ್ಯಯನ

ಅಮೃತಾಪುರದ ಸುತ್ತಲಿನ ಹಳೆಯ ಮನೆಗಳಲ್ಲಿ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ಹಂಡೆ, ಚೊಂಬುಗಳನ್ನು ಇಂದಿಗೂ ಕಾಣುತ್ತೇವೆ. ರಾತ್ರಿ ಅದರಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಯೂ ಉಂಟು. ಆರೋಗ್ಯವಂತರು ಇದಕ್ಕೆ ಅಂಜಬೇಕಿಲ್ಲ. ಆಹಾರ, ನೀರುಗಳ ಮೂಲಕ ಒಳಸೇರಿದ ಹೆಚ್ಚುವರಿ ತಾಮ್ರವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಈ ಕಾರ್ಯವನ್ನು ನಡೆಸುವ ವಂಶವಾಹಿಯು ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ ತಾಮ್ರವು ಯಕೃತ್ತಿನಲ್ಲಿ, ಅನಂತರ ಮೆದುಳು ಮತ್ತು ಕಣ್ಣುಗಳಲ್ಲಿ ಶೇಖರವಾಗುತ್ತದೆ. 1912ರಲ್ಲಿ ಲಂಡನ್ನಿನ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ ಅವರು ಇದನ್ನು ವಿವರಿಸಿದ್ದರಿಂದ ವಿಲ್ಸನ್ ಕಾಯಿಲೆ ಎಂಬ ಹೆಸರು ನಿಂತಿತು.

ಪ್ರೌಢಶಾಲೆಯಲ್ಲಿ ಓದುವ ಮಗುವಿನ ಅಕ್ಷರ ಇದ್ದಕ್ಕಿದ್ದಂತೆ ಕೆಡುತ್ತದೆ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ, ಕೆಲವೊಮ್ಮೆ ಕೈಕಾಲು ತಿರುಚಿಕೊಳ್ಳುತ್ತವೆ. ಸಿಟ್ಟು ಹೆಚ್ಚುತ್ತದೆ. ಓದಿನ ಸೋಮಾರಿತನವೆಂದು ಶಿಕ್ಷಕರೂ, ಗಾಳಿ ಸೋಕಿದೆಯೆಂದು ಮನೆಯವರೂ ಭಾವಿಸುವುದುಂಟು. ಹೀಗೆ ಕಳೆದುಹೋಗುವ ತಿಂಗಳುಗಳೇ ಮಗುವಿಗೆ ಅತ್ಯಂತ ದುಬಾರಿಯಾದವು. ಚಲನೆಯನ್ನು ಕೆಡಿಸುವ ಆನುವಂಶಿಕ ರೋಗಗಳಲ್ಲಿ ಔಷಧಕ್ಕೆ ಬಗ್ಗುವವು ಕೆಲವೇ ಕೆಲವು; ಇದು ಅವುಗಳಲ್ಲೊಂದು.

ಈ ರೋಗವನ್ನು ನಮ್ಮ ಜನರಲ್ಲಿಯೇ ದೀರ್ಘಕಾಲ ಗಮನಿಸಿದ ಕೀರ್ತಿ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವಿಭಾಗಕ್ಕೆ ಸಲ್ಲುತ್ತದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎ. ಬಿ. ತಾಲಿಯವರು ಡಾ. ಎಚ್. ಎಸ್. ಸ್ವಾಮಿ, ಡಾ. ಸಂಜೀಬ್ ಸಿನ್ಹಾ ಮೊದಲಾದವರೊಡನೆ 2007ರಲ್ಲಿ ಪ್ರಕಟಿಸಿದ ಪ್ರಬಂಧವು ಮೂರು ದಶಕಗಳ 282 ರೋಗಿಗಳ ವೃತ್ತಾಂತವನ್ನು ಒಳಗೊಂಡಿದೆ. ಅಪರೂಪದ ಕಾಯಿಲೆಯೊಂದರ ವಿಷಯದಲ್ಲಿ ಇದು ದೊಡ್ಡ ಸಂಖ್ಯೆ. ಅವರಲ್ಲಿ 195 ಮಂದಿ ನರಸಂಬಂಧಿ ತೊಂದರೆಗಳಿಂದಲೇ ಬಂದವರು. ರೋಗ ಆರಂಭವಾದ ಸರಾಸರಿ ವಯಸ್ಸು ಸುಮಾರು 16. ಅರ್ಧಕ್ಕಿಂತ ಹೆಚ್ಚು ರೋಗಿಗಳ ತಂದೆ-ತಾಯಿಯರು ರಕ್ತಸಂಬಂಧಿಗಳಾಗಿದ್ದರು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲವಾದ್ದರಿಂದ ಈ ಅಂಶವನ್ನು ನಾವು ಎರಡು ಬಾರಿ ಓದಬೇಕು. ದೋಷವುಳ್ಳ ವಂಶವಾಹಿಯು ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ರೋಗವುಂಟಾಗುತ್ತದೆ. ಒಂದೇ ವಂಶದವರಲ್ಲಿ ಅದು ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚು.

ಚಿಕಿತ್ಸೆಯ ವಿಷಯ ಇನ್ನೂ ಮಹತ್ತ್ವದ್ದು. 1956ರಲ್ಲಿ ಇಂಗ್ಲೆಂಡಿನ ಡಾ. ಜಾನ್ ವಾಲ್ಷ್ ಅವರು ಪೆನಿಸಿಲಮೈನ್ ಎಂಬ ಔಷಧವನ್ನು ಬಳಕೆಗೆ ತಂದರು. ಅದು ತಾಮ್ರವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುತ್ತದೆ. ಆದರೆ ಬೆಲೆ ಹೆಚ್ಚು, ಅಡ್ಡಪರಿಣಾಮಗಳೂ ಉಂಟು. ಔಷಧವೋ ಜೀವನಪರ್ಯಂತ ಬೇಕು. ಕೂಲಿಯ ಮನೆಯವರು ಎಷ್ಟು ವರ್ಷ ಕೊಂಡಾರು? ಸತುವಿನ ಲವಣವಾದರೋ ಅಗ್ಗ. ಅದು ಕರುಳಿನಲ್ಲಿಯೇ ತಾಮ್ರ ಹೀರಲ್ಪಡುವುದನ್ನು ತಡೆಯುತ್ತದೆ. ಎರಡನ್ನೂ ಸೇವಿಸುತ್ತ ಸ್ಥಿರವಾಗಿದ್ದ ರೋಗಿಗಳಲ್ಲಿ ಪೆನಿಸಿಲಮೈನನ್ನು ನಿಲ್ಲಿಸಿ ಸತುವನ್ನು ಮಾತ್ರ ಮುಂದುವರಿಸಿದ ಅನುಭವವನ್ನು ಸಿನ್ಹಾ ಮತ್ತು ತಾಲಿಯವರು 2008ರಲ್ಲಿ ವರದಿ ಮಾಡಿದರು: ಈ ಕ್ರಮ ಸುರಕ್ಷಿತವೂ ಅಗ್ಗವೂ ಭರವಸೆದಾಯಕವೂ ಆಗಿ ಅವರಿಗೆ ಕಂಡಿತ್ತು. ರೋಗಿಯ ಜೇಬನ್ನೂ ಸಂಶೋಧನೆಯ ಪ್ರಶ್ನೆಯನ್ನಾಗಿಸಿದ ಈ ದೃಷ್ಟಿಯನ್ನು ನಾವು ದೊಡ್ಡದೆಂದೇ ಎಣಿಸುತ್ತೇವೆ. ಹಾಗೆಂದು ಮನೆಯವರು ತಾವೇ ಮಾತ್ರೆ ಬದಲಿಸುವಂತಿಲ್ಲ. ಗುಣವಾಯಿತೆಂದು ಔಷಧವನ್ನು ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿ ಪ್ರಾಣಕ್ಕೇ ಕುತ್ತು ಬರಬಹುದು.

ನರಲಕ್ಷಣವಿದ್ದವರ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಬಳೆಯೊಂದು ಕಾಣುತ್ತದೆ. ನೇತ್ರವೈದ್ಯರು ಸ್ಲಿಟ್ ಲ್ಯಾಂಪ್ ಉಪಕರಣದಿಂದ ಇದನ್ನು ಗುರುತಿಸಬಲ್ಲರು. ರಕ್ತದಲ್ಲಿನ ಸೆರುಲೋಪ್ಲಾಸ್ಮಿನ್ ಮತ್ತು 24 ಗಂಟೆಗಳ ಮೂತ್ರದಲ್ಲಿನ ತಾಮ್ರದ ಪರೀಕ್ಷೆಗಳು ರೋಗನಿರ್ಣಯಕ್ಕೆ ನೆರವಾಗುತ್ತವೆ. ರೋಗವಿರುವ ಮನೆಯಲ್ಲಿ ಆ ಮಗುವಿಗೆ ತಾಮ್ರದ ಪಾತ್ರೆಯ ನೀರು ಬೇಡ. ಗೋಡಂಬಿ, ಅಣಬೆ, ಚಾಕೊಲೇಟುಗಳನ್ನೂ ದೂರವಿಡಬೇಕು.

ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಈ ರೋಗವಿರುವ ಸಾಧ್ಯತೆ ನಾಲ್ಕರಲ್ಲೊಂದು. ನಿಮ್ಹಾನ್ಸ್‌ನ ಆ 282 ಮಂದಿಯಲ್ಲಿ ಲಕ್ಷಣ ತೋರುವ ಮೊದಲೇ ಪತ್ತೆಯಾದವರು 15 ಮಂದಿ ಮಾತ್ರ. ಆದ್ದರಿಂದ ಒಂದು ಮಗುವಿಗೆ ರೋಗ ಖಚಿತವಾದ ವಾರದಲ್ಲಿಯೇ, ಆಟವಾಡಿಕೊಂಡಿರುವ ಅದರ ಅಣ್ಣ, ತಂಗಿಯರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.