ಊರ ಕೆರೆಯ ಏರಿ ಈ ಮಳೆಗಾಲ ತಾಳೀತೇ? ನೀವೇ ನೋಡಿಕೊಳ್ಳಿ

ಮುಂಬಯಿಯ ಭಾಂಡುಪ್ ಪಶ್ಚಿಮದ ಗುಡ್ಡದ ಬುಡದಲ್ಲಿ ಮಹಾನಗರ ಪಾಲಿಕೆಯ ನೀರು ಶುದ್ಧೀಕರಣ ಸಂಕೀರ್ಣವಿದೆ. ಅದರ ಬೆನ್ನಿಗೇ ವಿಹಾರ್ ಕೆರೆ, 1860ರದು. ಇನ್ನೂ ಮೇಲೆ 1879ರ ತುಳಸಿ, ದಕ್ಷಿಣಕ್ಕೆ 1891ರ ಪವಾಯಿ. ಮುಂಬಯಿಗೆ ನೀರು ಕೊಡುವ ಏಳು ಜಲಾಶಯಗಳ ಒಟ್ಟು ಸಂಗ್ರಹದಲ್ಲಿ ವಿಹಾರ್ ಮತ್ತು ತುಳಸಿಯ ಪಾಲು ನೂರಕ್ಕೆ ಎರಡೂವರೆ ಮಾತ್ರ. ಪವಾಯಿಯ ನೀರಂತೂ ಕುಡಿಯಲು ಬಾರದು. ಆದರೂ 'ವಿಹಾರ್ ತುಂಬಿ ಹರಿಯಿತು' ಎಂಬ ಸುದ್ದಿ ಬಂದಾಗ ನಮಗೆಲ್ಲ ಖುಷಿ. ಹರಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ.

ಊರ ಕೆರೆಯ ವಿಷಯದಲ್ಲೂ ಆ ಪ್ರಶ್ನೆಯಿಂದಲೇ ಶುರುಮಾಡೋಣ. ಮೇ ತಿಂಗಳಲ್ಲಿ ಊರಿಗೆ ಹೋಗುವ ಭಾಂಡುಪ್ ಕನ್ನಡಿಗರಿಗೆ ಊರ ಕೆರೆ ಏರಿ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನೀರು ತಗ್ಗಿರುತ್ತದೆ, ಮಳೆಗೆ ಇನ್ನೂ ಕೆಲವು ವಾರವಿರುತ್ತದೆ.

ಮೊದಲು ಏರಿಯ ಕೆಳಗೆ ಯಾರಿದ್ದಾರೆ ನೋಡಿ

ಅಣೆಕಟ್ಟೆಗೆ ಎರಡು ಬಗೆಯ ದರ್ಜೆ ಇರುತ್ತದೆ. ಒಡೆದರೆ ಎಷ್ಟು ಜೀವ, ಎಷ್ಟು ಆಸ್ತಿ ಹೋದೀತು ಎಂಬುದು ಅಪಾಯದ ದರ್ಜೆ. ಕಟ್ಟಡ ಈಗ ಹೇಗಿದೆ ಎಂಬುದು ಸ್ಥಿತಿಯ ದರ್ಜೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಕಲ್ಲಿನಂತೆ ಗಟ್ಟಿಯಿರುವ ಏರಿಯೂ ಕೆಳಗೆ ಕೇರಿಯಿದ್ದರೆ ಹೆಚ್ಚು ಅಪಾಯದ್ದೇ. ಸೋರುವ ಏರಿಯ ಕೆಳಗೆ ಬರೀ ಬಯಲಿದ್ದರೆ ಅಪಾಯ ಕಡಿಮೆ.

ವಿಹಾರ್ ಭಾಂಡುಪ್‌ಗೆ ಹತ್ತಿರವಿದ್ದರೂ ಅದರ ಹೆಚ್ಚುವರಿ ನೀರು ಈ ಕಡೆ ಬರುವುದಿಲ್ಲ. ಮಿಠಿ ನದಿಯಾಗಿ ದಕ್ಷಿಣಕ್ಕೆ ಇಳಿದು, ಪವಾಯಿಯ ನೀರನ್ನೂ ಸೇರಿಸಿಕೊಂಡು ಸಾಕಿನಾಕಾ, ಕುರ್ಲಾ ದಾಟಿ ಮಾಹಿಮ್ ಖಾರಿ ಸೇರುತ್ತದೆ. ಮಿಠಿ ಏರಿದಾಗ ಮನೆ ಬಿಟ್ಟು ಹೊರಡಬೇಕಾದವರು ಕುರ್ಲಾದ ಕ್ರಾಂತಿನಗರದವರು. ಅಂದರೆ ಲೆಕ್ಕಕ್ಕೆ ಬರುವುದು ಹತ್ತಿರ ದೂರವಲ್ಲ, ನೀರಿನ ದಾರಿ. ನಿಮ್ಮ ಊರಲ್ಲೂ ಏರಿಯಿಂದ ಹಳ್ಳದ ಜಾಡು ಹಿಡಿದು ಇಳಿಯಿರಿ. ಶಾಲೆ, ಅಂಗನವಾಡಿ, ಹೊಸ ಬಡಾವಣೆ, ಕೂಲಿಯವರ ಶೆಡ್ಡು, ಇಟ್ಟಿಗೆ ಗೂಡು, ಎಲ್ಲವನ್ನೂ ಬರೆದುಕೊಳ್ಳಿ. ಏರಿ ಕಟ್ಟಿದ ಕಾಲಕ್ಕೆ ಇಲ್ಲದ ಮನೆಗಳು ಈಗ ಅಲ್ಲಿರಬಹುದು.

ಕೆರೆ ಯಾರದು?

2021ರ ಡಿಸೆಂಬರ್ 30ರಿಂದ ಜಾರಿಯಲ್ಲಿರುವ ಅಣೆಕಟ್ಟು ಸುರಕ್ಷತಾ ಕಾಯ್ದೆ, ಮಳೆಗಾಲದ ಮುಂಚೆ ಮತ್ತು ಆಮೇಲೆ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ. ಊರ ಕೆರೆ ಬಹುಪಾಲು ಇದರ ಹೊರಗೇ ಉಳಿಯುತ್ತದೆ. ಕರ್ನಾಟಕದಲ್ಲಿ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಯದು. ಯಾರದೆಂದು ಗೊತ್ತಾಗದೆ ಅರ್ಜಿ ಬರೆದರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಏರಿಯ ಮೇಲೆ ನಡೆಯಿರಿ

ಇದು ಊರ ಕೆರೆಗೆ ಹೇಳಿದ ಮಾತು. ವಿಹಾರ್ ಏರಿ ನೋಡಲು ಹೊರಡಬೇಡಿ. ಅನುಮತಿಯಿಲ್ಲದೆ ಅಲ್ಲಿಗೆ ಬಿಡುವುದಿಲ್ಲ, ಕೆರೆಯಲ್ಲಿ ಮೊಸಳೆಗಳೂ ಇವೆ.

ಏರಿಯ ನೆತ್ತಿ ಒಂದೇ ಮಟ್ಟದಲ್ಲಿದೆಯೇ ನೋಡಿ. ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಜಾಗದಲ್ಲೇ ನೀರು ಮೊದಲು ಉಕ್ಕುವುದು. ಮಣ್ಣಿನ ಏರಿ ನೀರು ಮೇಲಿಂದ ಹರಿದರೆ ತಾಳುವುದಿಲ್ಲ. ಬಿರುಕು ಏರಿಯ ಉದ್ದಕ್ಕಿದ್ದರೆ ಇಳಿಜಾರು ಜಾರುತ್ತಿರಬಹುದು. ಅಡ್ಡಕ್ಕಿದ್ದರೆ ಇನ್ನೂ ಕೆಟ್ಟದು, ನೀರಿಗೆ ನೇರ ದಾರಿಯಾಗುತ್ತದೆ. ದೊಡ್ಡ ಮರ ಬೆಳೆದಿದ್ದರೆ ಬೇರು ಮಣ್ಣನ್ನು ಸಡಿಲಿಸಿರುತ್ತದೆ. ಅಂಥ ಮರವನ್ನು ಥಟ್ಟನೆ ಕಡಿಯಬೇಡಿ, ಬೇರು ಕೊಳೆತು ಪೊಳ್ಳಾದ ಜಾಗದಲ್ಲೂ ನೀರು ನುಗ್ಗುತ್ತದೆ. ಇಲಾಖೆಯವರು ಬಂದು ಹೇಳಲಿ.

ಆಮೇಲೆ ಏರಿಯ ಹಿಂಬದಿ ಬುಡಕ್ಕೆ ಇಳಿಯಿರಿ. ಬೇಸಿಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಒಳಗೆ ನೀರು ಜಿನುಗುತ್ತಿದೆ. ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ತಿಳಿಯಾಗಿದ್ದರೆ ಗಮನವಿಡಬೇಕು, ವಾರ ಬಿಟ್ಟು ಮತ್ತೆ ನೋಡಬೇಕು. ಕೆಸರಾಗಿದ್ದರೆ ಏರಿಯ ಒಳಮಣ್ಣೇ ಕೊಚ್ಚಿಕೊಂಡು ಬರುತ್ತಿದೆ, ಅವತ್ತೇ ಹೇಳಬೇಕು. ತೂಬಿನ ಅಕ್ಕಪಕ್ಕ ವಿಶೇಷವಾಗಿ ನೋಡಿ. ಮಣ್ಣೂ ಕಲ್ಲೂ ಕೂಡುವಲ್ಲಿ ಸೋರಿಕೆಗೆ ದಾರಿ ಸುಲಭ.

ಕೋಡಿಯನ್ನು ಮರೆಯಬೇಡಿ

ನನ್ನ ಲೆಕ್ಕದಲ್ಲಿ ಊರವರೇ ಮಾಡುವ ದೊಡ್ಡ ತಪ್ಪು ಇಲ್ಲಿದೆ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಪೇರಿಸುತ್ತಾರೆ, ಮೀನು ಹೋಗದಿರಲಿ ಎಂದು ಬಲೆ ಕಟ್ಟುತ್ತಾರೆ. ಬಲೆಗೆ ಕಸ ಸಿಕ್ಕಿಕೊಂಡರೆ ಕೋಡಿ ಮುಚ್ಚಿದಂತೆ. ನೀರು ಕೋಡಿ ಬಿಟ್ಟು ಏರಿ ಹತ್ತುತ್ತದೆ. ಚೀಲ, ಬಲೆ, ಗಿಡಗಂಟಿ ತೆಗೆಸಿ. ಕೋಡಿಯ ಕೆಳಗಿನ ಕಾಲುವೆ ಒತ್ತುವರಿಯಾಗಿದ್ದರೆ ಅದನ್ನೂ ಬರೆದುಕೊಳ್ಳಿ.

ಬಾಯಲ್ಲಿ ಹೇಳಿದರೆ ಸಾಲದು

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪಳೂಣ್ ತಾಲೂಕಿನ ತಿವರೆ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಜನ ಕೊಚ್ಚಿಹೋದರು. ಅದೂ ಸಣ್ಣ ಮಣ್ಣಿನ ಅಣೆಕಟ್ಟೇ. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆಮೇಲೆ ರಾಜ್ಯದ ಜಲಸಂರಕ್ಷಣಾ ಸಚಿವರು ಏಡಿಗಳ ಮೇಲೆ ತಪ್ಪು ಹೊರಿಸಿದರು. ಏಡಿ ಬಿಲ ತೋಡಿ ಏರಿ ಕೆಡಿಸುವುದು ನಿಜವೇ. ಆದರೆ ಬಿಲ ಹುಡುಕಿ ಮುಚ್ಚುವ ಕೆಲಸ ಏಡಿಯದಲ್ಲ.

ಆದ್ದರಿಂದ ಫೋಟೊ, ತಾರೀಕು, ಜಾಗ ಸಮೇತ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕಳೆದ ತಪಾಸಣೆಯ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ 150 ಪದ ಮೀರದಂತಿರಬೇಕು. ಎರಡು ಕೆರೆ ಇದ್ದರೆ ಎರಡು ಅರ್ಜಿ ಹಾಕಿ.

ಏರಿ ಒಡೆಯುವ ಸೂಚನೆ ಕಂಡ ರಾತ್ರಿ ಮಾತ್ರ ದೂರು ಬರೆಯುತ್ತ ಕೂರಬೇಡಿ. ಕೆಳಗಿನ ಮನೆಯವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಿ, 112ಕ್ಕೆ ಕರೆಮಾಡಿ. ಮುಂಬಯಿಯಲ್ಲಾದರೆ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1916. ಊರಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲೂ ಈ ಸಲ ಸಣ್ಣ ನೀರಾವರಿ ಇಂಜಿನಿಯರರ ನಂಬರು ಹಾಕಿಕೊಟ್ಟು ಬನ್ನಿ.