ಊರಿನ ಕೆರೆ, ಊರಿನ ಸಭೆ



ನಾಳೆ ಹೊಲಕ್ಕೆ ಹೋಗುವಾಗ ನಿಮ್ಮೂರಿನ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಂತು ನೋಡಿರಿ. ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆಯೇ? ತೂಬಿನ ಬಾಯಿ ಹೂಳಿನಿಂದ ಮುಚ್ಚಿದೆಯೇ? ಕೋಡಿಯ ಕಲ್ಲು ಕದಲಿದೆಯೇ? ಕೆರೆಗೆ ಮಳೆನೀರು ತರುವ ಕಾಲುವೆಯನ್ನು ಯಾರಾದರೂ ಉತ್ತು ತಮ್ಮ ಹೊಲಕ್ಕೆ ಸೇರಿಸಿಕೊಂಡಿದ್ದಾರೆಯೇ? ಈ ನಾಲ್ಕರಲ್ಲಿ ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ಈ ಪಾಠ ನಿಮಗಾಗಿಯೇ ಬರೆದದ್ದು.

ಇನ್ನೊಂದು ಪ್ರಶ್ನೆಯುಂಟು. ಕಳೆದ ಸಲ ಗ್ರಾಮಸಭೆ ಸೇರಿದಾಗ ನೀವು ಹೋಗಿದ್ದಿರಾ? ‘ಕೆರೆಗೂ ಸಭೆಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಆ ಸಂಬಂಧವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಒಂದು ಅಡಿ ಹೂಳಿನ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 20 ಎಕರೆ ಅಂಗಳದ ಒಂದು ಕೆರೆ ಇದೆಯೆನ್ನಿ. ಅದರಲ್ಲಿ ಒಂದು ಅಡಿ ಹೂಳು ತುಂಬಿದೆ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಅದು 12 ಲಕ್ಷದ 33 ಸಾವಿರ ಲೀಟರ್ ಆಗುತ್ತದೆ. 20 ಎಕರೆಗೆ ಸುಮಾರು ಎರಡೂವರೆ ಕೋಟಿ ಲೀಟರ್. ಹೂಳು ಕಸಿದುಕೊಂಡದ್ದು ಇಷ್ಟು ನೀರಿನ ಜಾಗವನ್ನು.

ಈಗ ಮನೆಯ ಬಳಕೆಯ ಲೆಕ್ಕ ನೋಡಿರಿ. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಸಾವಿರ ಜನರ ಊರಿಗೆ ವರ್ಷಕ್ಕೆ ಬೇಕಾಗುವುದು ಸುಮಾರು 2 ಕೋಟಿ ಲೀಟರ್. ಅಂದರೆ ಒಂದು ಅಡಿ ಹೂಳಿನ ಜಾಗದಲ್ಲಿ ಇಡೀ ಊರಿನ ವರ್ಷದ ಬಳಕೆಗೆ ಆಗುವಷ್ಟು ನೀರು ನಿಲ್ಲಬಹುದಾಗಿತ್ತು. ಅದರಲ್ಲಿ ಆವಿಯಾಗಿ ಹೋಗುವುದು ಸ್ವಲ್ಪ, ಭೂಮಿಗೆ ಇಂಗುವುದು ಸ್ವಲ್ಪ, ನಿಜ. ಆದರೆ ಇಂಗಿದ ನೀರೂ ನಷ್ಟವಲ್ಲ. ಅದು ನಿಮ್ಮ ಬಾವಿಗೇ ಬರುತ್ತದೆ.

ಆ ಹೂಳನ್ನು ಒಬ್ಬ ರೈತ ತೆಗೆಯಬಲ್ಲನೇ? ಲೋಡಿಗೆ 3 ಘನ ಮೀಟರಿನಂತೆ ಎಣಿಸಿದರೆ ಸುಮಾರು 8 ಸಾವಿರ ಟ್ರ್ಯಾಕ್ಟರ್ ಲೋಡ್ ಮಣ್ಣು. ಒಬ್ಬನ ಕೈಲಾಗದು. ಊರು ಸೇರಿದರೆ ಆದೀತು. ಆದುದರಿಂದಲೇ ಕೆರೆಯ ಪ್ರಶ್ನೆ ಸಭೆಯ ಪ್ರಶ್ನೆಯಾಗುತ್ತದೆ.

ಹಿಂದೆ ಕೆರೆಯನ್ನು ನೋಡಿಕೊಂಡವರು ಯಾರು?

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಬಹುಪಾಲು ಹಿಂದಿನವರು ಕಟ್ಟಿದವು. ಕೆರೆಯನ್ನು ಕಾಯುವುದಕ್ಕೆ ಊರಿನಲ್ಲಿ ನೀರುಗಂಟಿಯಿದ್ದನು. ತೂಬು ಎತ್ತುವುದು, ಗದ್ದೆಗೆ ಸರದಿಯಂತೆ ನೀರು ಬಿಡುವುದು, ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ತಿಳಿಸುವುದು ಅವನ ಕೆಲಸ. ಬೇಸಿಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೋಲಾರದ ಸೀಮೆಯಲ್ಲಿ ಕೆಲವು ಕಡೆ ದಮಾಷ ಎಂಬ ಪದ್ಧತಿಯೂ ಇತ್ತು: ನೀರು ಕಡಿಮೆಯಾದ ವರ್ಷ ತೂಬಿನ ಹತ್ತಿರದ ಜಮೀನನ್ನು ಮಾತ್ರ ಎಲ್ಲರೂ ತಮ್ಮ ತಮ್ಮ ಪಾಲಿನಂತೆ ಹಂಚಿಕೊಂಡು ಬೆಳೆಯುವುದು. ಕೊನೆಯ ಗದ್ದೆಯವನೂ ಆ ವರ್ಷ ಉಪವಾಸ ಬೀಳುತ್ತಿರಲಿಲ್ಲ.

ಆದರೆ ಹಳೆಯದೆಲ್ಲವೂ ಒಳ್ಳೆಯದೆಂದು ತಿಳಿಯಬೇಡಿರಿ. ನೀರುಗಂಟಿ ಸಾಮಾನ್ಯವಾಗಿ ದಲಿತ ಮನೆತನದವನು. ನೀರಿನ ವಿಷಯ ಅವನಷ್ಟು ಬಲ್ಲವರು ಊರಿನಲ್ಲಿರಲಿಲ್ಲ. ಆದರೂ ಊರಿನ ಹಿರಿಯರು ಕೂತು ತೀರ್ಮಾನ ಮಾಡುವ ಜಗುಲಿಯ ಮೇಲೆ ಅವನಿಗೆ ಸ್ಥಳವಿರಲಿಲ್ಲ. ಕೊಡ ಹೊತ್ತು ನೀರು ತರುವ ಹೆಂಗಸರಿಗೂ ಅಲ್ಲಿ ಮಾತಿರಲಿಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಅದು ನ್ಯಾಯವೇ ಆಯಿತು. ಆದರೆ ಆ ಕೆಲಸವನ್ನು ಮುಂದೆ ಯಾರು ಮಾಡಬೇಕೆಂದು ಅನೇಕ ಊರುಗಳು ಕೂತು ಯೋಚಿಸಲಿಲ್ಲ. ‘ಕೆರೆ ಸರ್ಕಾರದ್ದು, ಸರ್ಕಾರ ನೋಡಿಕೊಳ್ಳಲಿ’ ಎಂದುಕೊಂಡೆವು. ಪಂಪು ಬಂತು, ಕೊಳವೆ ಬಾವಿ ಬಂತು; ಕೆರೆಯ ಹಂಗು ತಪ್ಪಿತೆಂದುಕೊಂಡೆವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ಕೊರೆಸಿದರೂ ನೀರು ಕಾಣದೆ ಸಾಲಕ್ಕೆ ಸಿಕ್ಕಿದ ರೈತರನ್ನು ಕೇಳಿರಿ. ಆ ಲೆಕ್ಕ ಎಲ್ಲಿ ತಪ್ಪಿತೆಂದು ಅವರೇ ಹೇಳುತ್ತಾರೆ.

ಯೋಜನೆ ಬಂತು, ಜನ ಸೇರಲಿಲ್ಲ

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾಯಿತು. ಗ್ರಾಮಸೇವಕರು ಹಳ್ಳಿಗೆ ಬಂದರು. ರಸ್ತೆ, ಶಾಲೆ, ಬಾವಿಗಳಾದವು. ಐದು ವರ್ಷಗಳ ನಂತರ, 1957ರಲ್ಲಿ, ಬಲವಂತರಾಯ್ ಮೆಹತಾ ಸಮಿತಿ ಇದನ್ನೆಲ್ಲ ಪರಿಶೀಲಿಸಿತು. ಜನರು ತಾವಾಗಿ ಕೈಗೂಡಿಸದಿದ್ದರೆ ಕೆಲಸ ನಿಲ್ಲದು, ಅಧಿಕಾರವನ್ನು ಚುನಾಯಿತ ಸಂಸ್ಥೆಗಳಿಗೆ ಕೊಡಬೇಕು ಎಂಬುದು ಅದರ ಸಲಹೆಯ ಸಾರ. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರಿನಲ್ಲಿ ಪಂಚಾಯತ್ ರಾಜ್ ವ್ಯವಸ್ಥೆ ಉದ್ಘಾಟನೆಯಾಯಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ಸಿಕ್ಕಿತು. ಅದೇ ವರ್ಷ ಕರ್ನಾಟಕವೂ ಹೊಸ ಪಂಚಾಯತ್ ರಾಜ್ ಕಾಯಿದೆಯನ್ನು ಮಾಡಿತು.

ಗ್ರಾಮಸಭೆ ಯಾರದು?

ಗ್ರಾಮ ಪಂಚಾಯಿತಿ ಬೇರೆ, ಗ್ರಾಮಸಭೆ ಬೇರೆ. ಇದನ್ನು ಚೆನ್ನಾಗಿ ನೆನಪಿಡಬೇಕು. ಪಂಚಾಯಿತಿಗೆ ನೀವು ಸದಸ್ಯರನ್ನು ಆರಿಸಿ ಕಳಿಸುತ್ತೀರಿ. ಗ್ರಾಮಸಭೆಗೆ ಯಾರನ್ನೂ ಆರಿಸಬೇಕಾಗಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಹೆಣ್ಣಾಗಲಿ ಗಂಡಾಗಲಿ, ಜಮೀನಿರಲಿ ಇಲ್ಲದಿರಲಿ, ಅದರ ಸದಸ್ಯರು. ಪಂಚಾಯಿತಿಯ ಅವಧಿ ಮುಗಿಯುತ್ತದೆ, ಗ್ರಾಮಸಭೆಗೆ ಅವಧಿಯಿಲ್ಲ. ಊರಿರುವ ತನಕ ಅದೂ ಇರುತ್ತದೆ.

ಕಾಯಿದೆಯಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ಅದಕ್ಕೆ ಮೊದಲು ವಾರ್ಡ್ ಸಭೆಗಳು ಸೇರಿ ತಮ್ಮ ತಮ್ಮ ಕೇರಿಯ ಅಗತ್ಯಗಳನ್ನು ಪಟ್ಟಿ ಮಾಡಬೇಕು. ಗ್ರಾಮಸಭೆ ನಡೆಯಬೇಕಾದರೆ ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಇಲ್ಲವೆ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಹಾಜರಿರಬೇಕು. ಬಂದವರಲ್ಲಿ ನೂರಕ್ಕೆ 30 ಮಂದಿಯಾದರೂ ಮಹಿಳೆಯರಿರಬೇಕು. ಹತ್ತನೇ ಒಂದು ಭಾಗ ಸದಸ್ಯರು ವಿಷಯಗಳನ್ನು ಬರೆದುಕೊಟ್ಟು ಕೇಳಿದರೆ ವಿಶೇಷ ಸಭೆಯನ್ನೂ ಕರೆಯಬೇಕಾಗುತ್ತದೆ.

ಜನ ಬಾರದಿದ್ದಾಗ ಏನಾಗುತ್ತದೆ? ಪುಸ್ತಕ ಮನೆ ಮನೆಗೆ ಹೋಗುತ್ತದೆ, ರುಜು ಬೀಳುತ್ತದೆ, ಸಭೆ ನಡೆಯಿತೆಂದು ಬರೆಯಲಾಗುತ್ತದೆ. ಹಾಗೆ ರುಜು ಹಾಕಿದವರು ತಮ್ಮ ಊರಿನ ಹಣವನ್ನು ಹೇಗಾದರೂ ಖರ್ಚು ಮಾಡಿಕೊಳ್ಳಿರೆಂದು ಒಪ್ಪಿಗೆ ಕೊಟ್ಟಂತೆಯೇ ಸರಿ. ಆಮೇಲೆ ಅರಳಿಕಟ್ಟೆಯ ಮೇಲೆ ಕುಳಿತು ಆಡಿಕೊಂಡರೆ ಫಲವಿಲ್ಲ. ಸಭೆಗೆ ಹೋಗದೆ ರುಜು ಹಾಕಬೇಡಿರಿ; ಇದೊಂದನ್ನು ಪಾಲಿಸಿದರೂ ಅರ್ಧ ಕೆಲಸ ಆದಂತೆ.

ಹಿವರೆ ಬಾಜಾರಿನ ಪಾಠ

ನೆರೆಯ ಮಹಾರಾಷ್ಟ್ರದಲ್ಲಿ ಹಿವರೆ ಬಾಜಾರ್ ಎಂಬ ಹಳ್ಳಿಯಿದೆ. ಅದು ಹಿಂದಿನ ಅಹಮದ್‌ನಗರ, ಇಂದಿನ ಅಹಿಲ್ಯಾನಗರ ಜಿಲ್ಲೆಗೆ ಸೇರಿದ್ದು. ಮಳೆ ಬಹಳ ಕಡಿಮೆ. ಸುತ್ತಲ ಗುಡ್ಡಗಳು ಬೋಳಾಗಿದ್ದವು, ಬಾವಿಗಳು ಬತ್ತಿದ್ದವು, ಜನ ಕೂಲಿಗಾಗಿ ಪಟ್ಟಣಗಳಿಗೆ ಗುಳೆ ಹೋಗುತ್ತಿದ್ದರು. 1989ರಲ್ಲಿ ಓದಿದ ಯುವಕ ಪೋಪಟರಾವ್ ಪವಾರರನ್ನು ಊರವರು ಸರಪಂಚರನ್ನಾಗಿ ಆರಿಸಿದರು.

ಸರ್ಕಾರದ ನೆರವು ಆ ಊರಿಗೂ ಬಂತು. ನೆರವು ಎಷ್ಟೋ ಊರಿಗೆ ಬಂದು ಹೋಗಿದೆ. ಹಿವರೆ ಬಾಜಾರಿನಲ್ಲಿ ಆದ ಹೆಚ್ಚಿನ ಕೆಲಸವೆಂದರೆ, ಊರವರು ಗ್ರಾಮಸಭೆಯಲ್ಲಿ ಕುಳಿತು ತಮಗೆ ತಾವೇ ಕಟ್ಟು ಹಾಕಿಕೊಂಡದ್ದು. ಗುಡ್ಡದಲ್ಲಿ ದನ ಬಿಡಬಾರದು, ಮರ ಕಡಿಯಬಾರದು, ವ್ಯವಸಾಯಕ್ಕೆ ಕೊಳವೆ ಬಾವಿ ಕೊರೆಸಬಾರದು, ಹೆಚ್ಚು ನೀರು ಕುಡಿಯುವ ಕಬ್ಬು, ಬಾಳೆ ಹಾಕಬಾರದು, ಎಲ್ಲರೂ ಶ್ರಮದಾನ ಮಾಡಬೇಕು. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿದರು, ಹಳ್ಳಗಳಿಗೆ ತಡೆ ಕಟ್ಟಿದರು. ಬಾವಿಗಳಲ್ಲಿ ನೀರು ಮೇಲೆ ಬಂತು. ಗುಳೆ ಹೋದವರಲ್ಲಿ ಅನೇಕರು ಊರಿಗೆ ಮರಳಿದರು.

ಅಲ್ಲಿಗೆ ಅವರು ಸುಮ್ಮನಾಗಲಿಲ್ಲ. ಮಳೆ ಎಷ್ಟು ಬಿತ್ತು, ಬಾವಿಗಳಲ್ಲಿ ನೀರು ಎಷ್ಟಿದೆ ಎಂದು ಅಳೆದು, ವರ್ಷ ವರ್ಷವೂ ನೀರಿನ ಆಯವ್ಯಯವನ್ನು ಗ್ರಾಮಸಭೆಯ ಮುಂದೆ ಇಡುವ ಪದ್ಧತಿ ಮಾಡಿಕೊಂಡರು. ಮೊದಲು ಜನಕ್ಕೆ, ದನಕರುಗಳಿಗೆ ಕುಡಿಯುವ ನೀರು. ಉಳಿದುದರಲ್ಲಿ ಯಾವ ಬೆಳೆ, ಎಷ್ಟು ಎಂಬುದನ್ನು ಸಭೆ ನಿರ್ಣಯಿಸುತ್ತದೆ. ಮಳೆ ಕಡಿಮೆಯಾದ ವರ್ಷ ಬೆಳೆಯೂ ಕಡಿಮೆ.

‘ನಮ್ಮ ಊರಿನಲ್ಲಿ ಅಂಥ ಮುಖಂಡರಿಲ್ಲ’ ಎಂದು ನೀವು ಹೇಳಬಹುದು. ಒಳ್ಳೆಯ ಮುಖಂಡರು ಸಿಕ್ಕರೆ ಪುಣ್ಯ. ಆದರೆ ಒಬ್ಬ ಮುಖಂಡ ಎಲ್ಲ ಬಾವಿಗಳನ್ನೂ ಕಾಯಲಾರ. ತನ್ನ ಜಮೀನಿನಲ್ಲಿ ಕೊಳವೆ ಬಾವಿ ಕೊರೆಸುವುದಿಲ್ಲವೆಂದು ಪ್ರತಿಯೊಬ್ಬ ರೈತ ಒಪ್ಪಿದ್ದರಿಂದಲೇ ಅಲ್ಲಿ ನೀರು ಉಳಿಯಿತು. ತಾನೂ ಕುಳಿತು ಮಾಡಿದ ಕಟ್ಟಳೆಯನ್ನು ಮನುಷ್ಯ ಪಾಲಿಸುತ್ತಾನೆ. ಬೇರೆಯವರು ಹೇರಿದ್ದನ್ನು ರಾತ್ರಿ ಹೊತ್ತು ಮುರಿಯುತ್ತಾನೆ.

ನಿಮ್ಮ ಸಭೆಯಲ್ಲಿ ಕೇಳಬೇಕಾದದ್ದು

ಸಭೆಗೆ ಬರಿಗೈಯಲ್ಲಿ ಹೋಗಬೇಡಿರಿ. ಕೆಳಗಿನ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿರಿ.

ಒಂದು: ನಮ್ಮ ಕೆರೆ ಯಾರ ಉಸ್ತುವಾರಿಯಲ್ಲಿದೆ? ಸಾಮಾನ್ಯವಾಗಿ 40 ಹೆಕ್ಟೇರಿನವರೆಗೆ, ಅಂದರೆ ಸುಮಾರು 100 ಎಕರೆವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳವು. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಯಾರನ್ನು ಕೇಳಬೇಕೆಂದು ತಿಳಿದರೆ ಅಲೆದಾಟ ತಪ್ಪುತ್ತದೆ.

ಎರಡು: ಕೆರೆಯ ಎಲ್ಲೆ ಎಲ್ಲಿದೆ? ಅಳತೆ ಮಾಡಿಸಿ ಕಲ್ಲು ನೆಡಿಸಬೇಕೆಂದು ನಿರ್ಣಯ ಬರೆಯಿಸಿರಿ. ನೀರು ತರುವ ಕಾಲುವೆಯನ್ನು ಮರೆಯಬೇಡಿರಿ. ಕಾಲುವೆ ಮುಚ್ಚಿದ ಕೆರೆಯ ಹೂಳನ್ನು ಎಷ್ಟು ತೆಗೆದರೂ ಅದು ಬರಿಯ ಗುಂಡಿ.

ಮೂರು: ಹೂಳು ತೆಗೆದರೆ ಮಣ್ಣು ಯಾರಿಗೆ? ಸಣ್ಣ ಹಿಡುವಳಿದಾರರ ಹೊಲಕ್ಕೂ ಪಾಲು ಸಿಗಬೇಕು. ಏರಿಯ ಬುಡದಲ್ಲಿ ತೋಡಲು ಬಿಡಬಾರದು; ಏರಿ ಸಡಿಲವಾಗುತ್ತದೆ.

ನಾಲ್ಕು: ಕಳೆದ ವರ್ಷ ಕೆರೆಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು? ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕವನ್ನೂ ಕಾಮಗಾರಿಯನ್ನೂ ಜನರ ಮುಂದೆ ಪರಿಶೀಲಿಸಬೇಕು. ಅಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಐದು: ಈ ವರ್ಷದ ನೀರಿಗೆ ತಕ್ಕ ಬೆಳೆ ಯಾವುದು? ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಸಾವಿರ ಲೀಟರ್ ನೀರು. ಶಾಲೆಯ ಮಕ್ಕಳಿಗೆ ಮಳೆ ಅಳೆಯುವ ಕೆಲಸ ಕೊಟ್ಟರೆ ಅವರೇ ಲೆಕ್ಕ ಬರೆದು ತರುತ್ತಾರೆ. ಒಂದು ಎಕರೆ ಭತ್ತಕ್ಕೆ ಬೇಕಾಗುವ ನೀರಿನಲ್ಲಿ ಸುಮಾರು ಎರಡರಿಂದ ಮೂರು ಎಕರೆ ರಾಗಿ ಬೆಳೆಯಬಹುದೆಂಬುದನ್ನು ನಿರ್ಣಯ ಮಾಡುವ ಮೊದಲು ನೆನಪಿಡಿರಿ.

ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿಸಿ, ಆಮೇಲೆ ರುಜು ಮಾಡಿರಿ. ಮುಂದಿನ ಸಭೆಯ ಮೊದಲ ಮಾತು ‘ಹಿಂದಿನ ನಿರ್ಣಯ ಏನಾಯಿತು?’ ಎಂಬುದಾಗಿರಲಿ.

ಯಾರನ್ನು ಕರೆದುಕೊಂಡು ಹೋಗಬೇಕು?

ತೂಬಿನ ಪಕ್ಕದ ಗದ್ದೆಯವರು ಕರೆಯದಿದ್ದರೂ ಬರುತ್ತಾರೆ. ಅಚ್ಚುಕಟ್ಟಿನ ಕೊನೆಯ ಗದ್ದೆಯವನನ್ನು ನೀವು ಕರೆತನ್ನಿರಿ. ನೀರು ಎಲ್ಲಿ ಸೋರುತ್ತದೆಂಬುದು ಅವನಿಗೆ ಗೊತ್ತು. ಕೆರೆಯಲ್ಲಿ ಮೀನು ಹಿಡಿಯುವವರನ್ನು, ಕುರಿ ಕಾಯುವವರನ್ನು, ಭೂಮಿಯಿಲ್ಲದ ಕೂಲಿಯವರನ್ನು ಕರೆಯಿರಿ. ಮನೆಯ ಹೆಂಗಸರು ಬರಲಿ; ಕುಡಿಯುವ ನೀರು ಎಂದು ನಿಂತಿತೆಂಬುದನ್ನು ಅವರು ತಾರೀಖಿನ ಸಮೇತ ಹೇಳಬಲ್ಲರು. ಸಭೆಯನ್ನು ಹೊಲದ ಕೆಲಸ ಮುಗಿಯುವ ಹೊತ್ತಿಗೆ ಇಟ್ಟುಕೊಳ್ಳಬೇಕೆಂದು ಕೇಳಿರಿ. ಜಗುಲಿಯ ಮೇಲೆ ನೀರುಗಂಟಿಗೆ ಇಲ್ಲದಿದ್ದ ಸ್ಥಳ ಈ ಸಭೆಯಲ್ಲಿ ಎಲ್ಲರಿಗೂ ಇದೆ. ಅದನ್ನು ಖಾಲಿ ಬಿಡಬಾರದು.

ಈ ಪಾಠದ ಅಭ್ಯಾಸ

1. ಮುಂದಿನ ವಾರ್ಡ್ ಸಭೆ, ಗ್ರಾಮಸಭೆಗಳ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ಗೋಡೆಯ ಮೇಲೆ ಬರೆದಿಡಿರಿ.

2. ನಾಲ್ಕು ಜನ ಕೂಡಿ ಕೆರೆಯ ಸುತ್ತ ನಡೆದು ತೂಬು, ಕೋಡಿ, ಏರಿ, ಕಾಲುವೆಗಳ ಸ್ಥಿತಿಯನ್ನು ಬರೆಯಿರಿ.

3. ಅಂಗಳದ ವಿಸ್ತೀರ್ಣ ತಿಳಿದುಕೊಂಡು ಒಂದು ಅಡಿ ಹೂಳಿನ ಲೆಕ್ಕವನ್ನು ನಿಮ್ಮ ಕೆರೆಗೆ ಮಾಡಿ ನೋಡಿರಿ.

4. ಆ ಕಾಗದವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿರಿ.

ಮೊದಲ ಸಭೆಯಲ್ಲೇ ಎಲ್ಲವೂ ಆಗದು. ಮಾತಿಗೆ ಮಾತು ಬೆಳೆಯಬಹುದು; ಕಾಲುವೆ ಉತ್ತವರಿಗೆ ಸಿಟ್ಟು ಬರಬಹುದು. ಎದ್ದು ಬರಬೇಡಿರಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದನ್ನು ರೈತರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.